ಕರೆಯದೆ ಬರುವ ನೆನಪು

ಇಂಟರ್‌ನೆಟ್ಟಿನಿಂದ ಮಿದುಳು ಹಾಳಾಗುತ್ತಿದೆ ಎಂಬ ಮಾತು ಯಾದಗಿರಿಯ ಚಹಾದಂಗಡಿಯಲ್ಲೂ ಕೇಳಿಸುತ್ತದೆ. ಹೇಳುವವರ ಕೈಯಲ್ಲೂ ಮೊಬೈಲ್ ಇರುತ್ತದೆನ್ನಿ. ಈ ದೂರು ಹೊಸದೇನಲ್ಲ. ಪ್ಲೇಟೋನ ‘ಫೀಡ್ರಸ್’ನಲ್ಲಿ ಸಾಕ್ರಟೀಸ್ ಬರವಣಿಗೆಯ ಬಗ್ಗೆಯೇ ಇಂಥ ಆತಂಕ ತೋಡಿಕೊಳ್ಳುತ್ತಾನೆ: ಬರೆದಿಟ್ಟರೆ ಜನ ನೆನಪಿಡುವುದನ್ನೇ ಬಿಡುತ್ತಾರೆ ಎಂದು. ಬರವಣಿಗೆ ಬಂದು ನಾವೇನೂ ದಡ್ಡರಾಗಲಿಲ್ಲ. ಹಾಗಾದರೆ ಈಗಿನ ಆತಂಕವನ್ನೂ ನಕ್ಕು ಬಿಡಬಹುದೆ?

2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಂದ ಸಣ್ಣಪುಟ್ಟ ಸಂಗತಿಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದ್ದರು. ಟೈಪ್ ಮಾಡಿದ್ದು ಅಳಿಸಿಹೋಗುತ್ತದೆ ಎಂದು ನಂಬಿದವರಿಗೆ ಹೆಚ್ಚು ನೆನಪಿತ್ತು. ಉಳಿಯುತ್ತದೆ ಎಂದು ನಂಬಿದವರಿಗೆ ಕಡಿಮೆ. ಮಿದುಳು ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಅದು ಜಿಪುಣ, ಅಷ್ಟೇ. ಬೇರೆಡೆ ಜೋಪಾನವಾಗಿರುವುದನ್ನು ತಾನೇಕೆ ಹೊರಬೇಕು ಎನ್ನುತ್ತದೆ.

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಜನ ಗಾಡಿ ನಿಲ್ಲಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಹೊರಡುತ್ತಾರೆ. ಲಿಂಡಾ ಹೆಂಕೆಲ್ ಎಂಬ ಮನೋವಿಜ್ಞಾನಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯೂಸಿಯಮ್ಮಿನಲ್ಲಿ ಫೋಟೊ ತೆಗೆದ ವಸ್ತುಗಳು ಬರೀ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನೇ ಜೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಗ್ಗಲಿಲ್ಲ. ಕ್ಯಾಮೆರಾದ ತಪ್ಪಲ್ಲ ಎಂದಾಯಿತು. ಹಣೆ ಎಲ್ಲಿ, ಮೂಗು ಎಲ್ಲಿ ಎಂದು ಹುಡುಕುವ ಕಣ್ಣಿಗೇ ಆ ಬೆಟ್ಟ ಬುದ್ಧನಾಗುವುದು.

ಆದರೆ ನನ್ನನ್ನು ಕಾಡುವ ಪ್ರಶ್ನೆ ನೆನಪು ಎಷ್ಟು ಉಳಿಯಿತು ಎಂಬುದಲ್ಲ. ಸುರಪುರದ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಹಿರಿಯರಿದ್ದಾರೆ. ಕೆಲವರಿಗೆ ಓದಲು ಬಾರದು. ಹತ್ತಿ ಬಿಡಿಸುವಾಗ, ಸಾವಿನ ಮನೆಯಲ್ಲಿ ಕೂತಾಗ, ಮಗನ ಮೇಲೆ ಸಿಟ್ಟು ನೆತ್ತಿಗೇರಿದಾಗ ಪದದ ಒಂದು ಸಾಲು ತಾನಾಗಿಯೇ ನಾಲಿಗೆಗೆ ಬರುತ್ತದೆ. ಯಾರೂ ಅದನ್ನು ಕರೆದಿರುವುದಿಲ್ಲ. ಬಂದು, ಒಮ್ಮೊಮ್ಮೆ, ಎತ್ತಿದ ಕೈಯನ್ನು ಇಳಿಸುತ್ತದೆ.

ಸಂಶೋಧನೆಗೆಂದು ಅವೇ ಪದಗಳನ್ನು ನಾನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ. ಹುಡುಕಿದರೆ ಕ್ಷಣದಲ್ಲಿ ಸಿಗುತ್ತವೆ. ಆದರೆ ಹುಡುಕಬೇಕಲ್ಲ! ಸಿಟ್ಟಿನಲ್ಲಿದ್ದವರು ಯಾರು ಮೊಬೈಲ್ ತೆಗೆದು ತತ್ವಪದ ಹುಡುಕುತ್ತಾರೆ? ಕಡತದಲ್ಲಿರುವ ಮಾತು ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಒಳಗಿರುವ ಮಾತು ನಾವು ಕೇಳಬಯಸದ ಹೊತ್ತಿನಲ್ಲೂ ಅಡ್ಡ ಬಂದು ನಿಲ್ಲುತ್ತದೆ. ನೈತಿಕವಾಗಿ ನಾವು ಕಳೆದುಕೊಳ್ಳುತ್ತಿರುವುದು ಈ ಅಡ್ಡಿಯನ್ನು. ಮೊಬೈಲ್ ಬೇರೆ ರೀತಿಯಲ್ಲಿ ಅಡ್ಡ ಬರುತ್ತದೆ, ದಿನಕ್ಕೆ ನೂರು ಸಲ, ನಮ್ಮದಲ್ಲದ ಕೆಲಸಕ್ಕೆ.

ಎಲ್ಲವನ್ನೂ ಬಾಯಿಪಾಠ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಬಸ್ಸಿನ ವೇಳೆ, ಬ್ಯಾಂಕಿನ ನಂಬರು ಫೋನಿನಲ್ಲೇ ಇರಲಿ. ಅದೇ ಫೋನಿನಲ್ಲಿ ಒಂದೊಂದೇ ಪದವನ್ನು ಮತ್ತೆ ಮತ್ತೆ ಕೇಳಿ ಕಲಿಯುತ್ತಿದ್ದೇನೆ. ಎರಡು ಪೂರ್ತಿ ಬರುತ್ತವೆ. ಮೂರನೆಯದರ ಕೊನೆಯ ನುಡಿ ಇನ್ನೂ ತಪ್ಪುತ್ತದೆ.