ಹಿಟ್ಟಿನ ಹುಂಜ ಮತ್ತು ತೆರೆಯ ಮೇಲಿನ ರಕ್ತ

ಹಿಂಸೆಯನ್ನು ತಾನೇ ಮಾಡುವುದು ಕೃತ. ಪರರಿಂದ ಮಾಡಿಸುವುದು ಕಾರಿತ. ಪರರು ಮಾಡಿದ್ದಕ್ಕೆ ಮನಸ್ಸಿನಲ್ಲಿ ಒಪ್ಪಿಗೆ ಕೊಡುವುದು ಅನುಮೋದಿತ. ಈ ಮೂರೂ ಕರ್ಮಬಂಧಕ್ಕೆ ಕಾರಣವೆಂದು ಆಚಾರ್ಯರು ಸಾರಿದ್ದಾರೆ. ಮೊದಲಿನ ಎರಡನ್ನು ಶ್ರಾವಕನು ಎಚ್ಚರದಿಂದ ದೂರವಿಡಬಲ್ಲ. ಮೂರನೆಯದು ಯಾವ ಬಾಗಿಲಿನಿಂದ ಒಳಬರುವುದೆಂದು ತಿಳಿಯುವುದೇ ಕಷ್ಟ. ನನಗೆ ಅದು ತಿಳಿದದ್ದು ಒಂದು ಚಲನಚಿತ್ರದಿಂದ.

ರಜೆಗೆಂದು ಹಿರಿಯೂರಿಗೆ ಬಂದಿದ್ದ ಮೊಮ್ಮಗ ಒಂದು ರಾತ್ರಿ ಇಟಲಿಯ ಚಿತ್ರವೊಂದನ್ನು ನೋಡುತ್ತಿದ್ದ. ಅಂಗಡಿಯ ಲೆಕ್ಕ ಮುಗಿಸಿ ಬಂದ ನಾನೂ ಅವನ ಪಕ್ಕದಲ್ಲಿ ಕುಳಿತೆ. ಚಿತ್ರದ ಹೆಸರು 'ಡಾರ್ಕ್ ಗ್ಲಾಸಸ್', ಎಂದರೆ ಕಪ್ಪು ಕನ್ನಡಕ. ನಿರ್ದೇಶಕರು 1940ರಲ್ಲಿ ರೋಮ್ ನಗರದಲ್ಲಿ ಜನಿಸಿದ ಡಾರಿಯೊ ಅರ್ಜೆಂಟೊ. 1975ರ 'ಡೀಪ್ ರೆಡ್', 1977ರ 'ಸಸ್ಪಿರಿಯಾ' ಚಿತ್ರಗಳಿಂದ ಭಯಾನಕ ರಸದ ಆಚಾರ್ಯರೆನಿಸಿದವರು. ಹತ್ತು ವರ್ಷಗಳ ಮೌನದ ಬಳಿಕ, ಎಂಬತ್ತು ದಾಟಿದ ಮೇಲೆ, 2022ರಲ್ಲಿ ಈ ಚಿತ್ರವನ್ನು ನೀಡಿದರು. ಗಣಿಕೆಯರನ್ನು ಕೊಲ್ಲುವವನೊಬ್ಬ ಡಯಾನ ಎಂಬವಳನ್ನು ಬೆನ್ನಟ್ಟುತ್ತಾನೆ. ಅವಳ ಕಾರು ಅಪಘಾತಕ್ಕೀಡಾಗಿ ಅವಳು ಕಣ್ಣು ಕಳೆದುಕೊಳ್ಳುತ್ತಾಳೆ. ಅದೇ ಅಪಘಾತದಲ್ಲಿ ಚೀನೀ ಬಾಲಕನೊಬ್ಬ ಅನಾಥನಾಗುತ್ತಾನೆ. ಆ ಬಾಲಕನೂ ಒಂದು ನಾಯಿಯೂ ಅವಳ ಆಸರೆಯಾಗುತ್ತಾರೆ.

ನಡುವೆ ಮೊಮ್ಮಗ ಹೇಳಿದ: "ತಾತ, ಇದರಲ್ಲಿ ಕೊಲೆಗಳು ಅಷ್ಟು ಚೆನ್ನಾಗಿಲ್ಲ. ಇವರ ಹಳೆಯ ಚಿತ್ರಗಳಲ್ಲಿ ಚೆನ್ನಾಗಿರುತ್ತಿದ್ದವು." 'ಚೆನ್ನಾದ ಕೊಲೆ' ಎಂಬ ಮಾತು ನನ್ನನ್ನು ಚುಚ್ಚಿತು. ಬುದ್ಧಿ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಚಿತ್ರದ ಕೊನೆ ಬಂದಿತು. ಆ ನಾಯಿ ಕೊಲೆಗಾರನ ಕಂಠಕ್ಕೆ ಬಾಯಿ ಹಾಕಿ ಅವನನ್ನು ಕೊಂದಿತು. "ಸರಿಯಾಯಿತು" ಎಂಬ ಮಾತು ನನ್ನ ಬಾಯಿಂದಲೇ ಹೊರಟಿತು! ಬುದ್ಧಿ ಹೇಳುವ ಅಧಿಕಾರ ಅಲ್ಲಿಗೆ ಮುಗಿಯಿತು.

ಯಾರೂ ಸಾಯಲಿಲ್ಲ, ಅದು ಬರಿಯ ಕೆಂಪು ಬಣ್ಣ, ದೋಷವೆಲ್ಲಿಯದು ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಜನ್ನ ಕವಿ 1209ರಲ್ಲಿಯೇ 'ಯಶೋಧರ ಚರಿತೆ'ಯಲ್ಲಿ ಇಟ್ಟಿದ್ದಾನೆ. ಯಶೋಧರನು ಕಡಿದದ್ದು ಹಿಟ್ಟಿನ ಹುಂಜವನ್ನು. ಆದರೆ ಕೊಲ್ಲುವ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ಆ ಸಂಕಲ್ಪದ ಫಲವಾಗಿ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ಭವಭವಗಳಲ್ಲಿ ತೊಳಲಬೇಕಾಯಿತು.

ಹಾಗಾದರೆ ಪುರಾಣಗಳಲ್ಲಿಯೂ ವಧೆಯ ವರ್ಣನೆಯಿಲ್ಲವೆ? ಇದೆ. ವ್ಯತ್ಯಾಸವಿರುವುದು ಕೇಳುಗನನ್ನು ಎಲ್ಲಿ ನಿಲ್ಲಿಸಲಾಗಿದೆ ಎಂಬುದರಲ್ಲಿ. ಜನ್ನನು ನಮ್ಮನ್ನು ಕೊಂದವನ ಮುಂದಿನ ಜನ್ಮಗಳೊಳಗೆ ಕರೆದೊಯ್ದು, ಸಾಯುವ ಪ್ರಾಣಿಯ ನೋವನ್ನು ಉಣಿಸುತ್ತಾನೆ. ಅರ್ಜೆಂಟೊ ಅವರ ಅನೇಕ ಚಿತ್ರಗಳಲ್ಲಿ ಕೊಲೆಗಾರನ ಕಪ್ಪು ಕೈಗವಸಿನೊಳಗಿನ ಕೈಗಳು ಸ್ವತಃ ನಿರ್ದೇಶಕರವೇ. ನೋಡುಗನ ದೃಷ್ಟಿಯೂ ಎಷ್ಟೋ ಸಲ ಆ ಕೈಗಳ ಹಿಂದೆಯೇ ನಿಂತಿರುತ್ತದೆ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ದುಃಶ್ರುತಿಯೂ ಒಂದು. ಮನಸ್ಸನ್ನು ಕಲುಷಿತಗೊಳಿಸುವುದನ್ನು ಕೇಳುವುದೂ ನಿಷ್ಪ್ರಯೋಜಕ ಪಾಪವೆಂದು ಅದರ ತಾತ್ಪರ್ಯ.

ಡಯಾನಳ ಪ್ರಾಣರಕ್ಷಣೆ ತಪ್ಪೆಂದು ನಾನು ಹೇಳುವುದಿಲ್ಲ. ಆತ್ಮರಕ್ಷಣೆಗಾಗಿ ನಡೆಯುವ ವಿರೋಧಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದು. ಆದರೆ ರಕ್ಷಣೆ ಅವಳದು, ಹರ್ಷ ನನ್ನದು. ಅವಳಿಗಿರುವ ವಿನಾಯಿತಿ ಕುರ್ಚಿಯಲ್ಲಿ ಕುಳಿತ ನನಗೆ ಸಲ್ಲದು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಕುರುಡಿಯಾದ ಆ ಹೆಣ್ಣು ಪರದೇಶದ ಬಾಲಕನ ಆಸರೆಯಲ್ಲಿ ನಡೆಯಲು ಕಲಿಯುವ ಭಾಗವೇ ಚಿತ್ರದ ನಿಜವಾದ ಕರುಣೆ. ವೃದ್ಧ ನಿರ್ದೇಶಕರು ಅಲ್ಲಿ ತಮ್ಮ ಹಳೆಯ ದಾರಿಯನ್ನು ಬಿಟ್ಟು ಸ್ವಲ್ಪ ದೂರ ಬಂದಿದ್ದರು. ಅಜ್ಜ ಮೊಮ್ಮಗರಿಬ್ಬರಿಗೂ ಆಕಳಿಕೆ ಬಂದದ್ದು ಅಲ್ಲಿಯೇ.

ವ್ಯಾಪಾರಿಯಾದವನು ರಾತ್ರಿ ಜಮಾಖರ್ಚು ನೋಡದೆ ಮಲಗುವುದಿಲ್ಲ. ಚಿತ್ರ ನೋಡಬೇಡಿರೆಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡುವುದಕ್ಕಿಂತ, ನೋಡಿದ ರಾತ್ರಿ ಒಂದು ಲೆಕ್ಕ ಬರೆಯುವುದನ್ನು ಅವರೊಡನೆ ಕುಳಿತು ನಾವೂ ಕಲಿಯೋಣ: ಇಂದು ಯಾರ ಸಾವಿಗೆ ನನ್ನ ಮನಸ್ಸು ತಲೆದೂಗಿತು? ಯಾರ ಕರುಣೆಗೆ ನಾನು ಆಕಳಿಸಿದೆ?