ಮೆಟ್ಟಿಲು ಯಾರಿಗೆ, ದರ್ಶನ ಯಾರಿಗೆ?

 

ಈ ಸಲ ಬರೆಯುತ್ತಿರುವುದು ನಮ್ಮ ಬೆಟ್ಟದ ಬಗ್ಗೆ ಅಲ್ಲ, ಹಿಮದ ಬೆಟ್ಟದ ಬಗ್ಗೆ. ಆದರೆ ನನಗೆ ಉತ್ತರ ಸಿಕ್ಕಿದ್ದು ನಮ್ಮ ಬೆಟ್ಟದಲ್ಲೇ. ಅದಕ್ಕೇ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ನಾನು ರಾಯಚೂರಿನವನು. ಡಿಪ್ಲೊಮಾ ಮುಗಿಸಿ ಹೈದರಾಬಾದ್‌ಗೆ ಬಂದು, ಮಾಧಾಪುರದ ಒಂದು ಕಂಪನಿಯಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುತ್ತಿದ್ದೇನೆ. ಮಂಡಲದ ದಿನಗಳಲ್ಲಿ ಕಪ್ಪು ಬಟ್ಟೆ ಉಟ್ಟು, ಬರಿಗಾಲಲ್ಲಿ ಎಸಿ ಫ್ಲೋರ್ ಮೇಲೆ ಓಡಾಡುತ್ತಾ ಲ್ಯಾಪ್‌ಟಾಪ್ ರಿಪೇರಿ ಮಾಡುವ ಸ್ವಾಮಿ ಅಂದರೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಯಾತ್ರೆ ಮುಗಿಸಿ ಬಂದು ಮಾಲೆ ತೆಗೆದ ವಾರವೇ ನಮ್ಮ ಟೀಮ್‌ನ ತೆಲುಗು ಗೆಳೆಯನೊಬ್ಬ ಕೇಳಿದ: "ಜೂನ್‌ನಲ್ಲಿ ಆರು ಜನ ಫ್ರೆಂಡ್‌ಶಿಪ್ ಪೀಕ್ ಹತ್ತೋಕೆ ಹೋಗ್ತಿದ್ದೀವಿ. ಬರಿಗಾಲಲ್ಲಿ ಶಬರಿಮಲೆ ಹತ್ತಿದವನು ನೀನು, ನಿನಗೇನು ಕಷ್ಟ? ಶುಕ್ರವಾರದೊಳಗೆ ಅಡ್ವಾನ್ಸ್ ಕಟ್ಟು."

ಫ್ರೆಂಡ್‌ಶಿಪ್ ಪೀಕ್ ಇರುವುದು ಹಿಮಾಚಲದ ಮನಾಲಿ ಹತ್ತಿರ. ಎತ್ತರ 5,289 ಮೀಟರ್. ಅಷ್ಟು ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲ ತೀರದಲ್ಲಿ ಸಿಗುವುದರ ಹೆಚ್ಚೂಕಡಿಮೆ ಅರ್ಧ. ಮೇಲಿನ ದಾರಿಯಲ್ಲಿ ಹಿಮ, ಹಿಮನದಿ. ಬೂಟಿನ ಅಡಿಗೆ ಉಕ್ಕಿನ ಮುಳ್ಳು ಕಟ್ಟಿಕೊಳ್ಳಬೇಕು, ಕೈಯಲ್ಲಿ ಐಸ್ ಕೊಡಲಿ ಹಿಡಿಯಬೇಕು, ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು ನಡೆಯಬೇಕು. ಅದೇ ಬೆಟ್ಟದ ಕೆಳಗೆ ಬಿಯಾಸ್ ಕುಂಡ ಅಂತ ಒಂದು ಸರೋವರ ಇದೆ. ವ್ಯಾಸ ಮಹರ್ಷಿಗಳ ಹೆಸರಿನ ಜಾಗ. ಅಲ್ಲಿಯವರೆಗೆ ಹಗ್ಗ ಇಲ್ಲದೆ ನಡೆದುಹೋಗಿ, ಸುತ್ತಲಿನ ಹಿಮಶಿಖರಗಳನ್ನು ನೋಡಿ ಬರಬಹುದು.

"ನಾನು ಬಿಯಾಸ್ ಕುಂಡದವರೆಗೆ ಬರ್ತೀನಿ, ಅಲ್ಲಿಂದಲೇ ನೋಡ್ತೀನಿ" ಅಂದೆ. ಅವನು ನಕ್ಕ. "ಏನು ಬ್ರೋ, ಭಯಕ್ಕೆ ಭಕ್ತಿ ಅಂತ ಹೆಸರಿಡ್ತೀಯಾ?"

ಆ ಮಾತು ಚುಚ್ಚಿತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ನೈಟ್ ಶಿಫ್ಟ್ ಅಲೊವೆನ್ಸ್ ಕೂಡಿಟ್ಟ ದುಡ್ಡು ಇತ್ತು, ಆಸೆಯೂ ಇತ್ತು. ಭಯವೂ ಇತ್ತು. ಊರಿಗೆ ಫೋನ್ ಮಾಡಿದಾಗ ಅಮ್ಮ ಸಹಸ್ತ್ರತಾಲ್ ವಿಷಯ ಎತ್ತಿದರು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋಗಿದ್ದ ತಂಡ ಹಿಮಗಾಳಿಗೆ ಸಿಕ್ಕಿತು. ಕರ್ನಾಟಕದ 9 ಜನ ವಾಪಸ್ ಬರಲಿಲ್ಲ. "ಅವರೂ ಗಟ್ಟಿ ಮಂದೀನೇ ಇದ್ದರಪ್ಪ" ಅಂದರು ಅಮ್ಮ. ನಾನು ಏನೂ ಹೇಳಲಿಲ್ಲ.

ಹಾಗಾದರೆ ಹತ್ತಬೇಕೋ, ಕೆಳಗೆ ನಿಂತು ಕೈಮುಗಿಯಬೇಕೋ?

ಸುಲಭದ ಉತ್ತರಗಳು ಎರಡಿವೆ. ಒಂದು, ಹತ್ತಿದವನೇ ಗಂಡು, ಕೆಳಗೆ ನಿಂತವನು ಪುಕ್ಕಲ. ಇನ್ನೊಂದು, ಹಿಮಾಲಯ ದೇವರು, ಅದರ ತಲೆಯ ಮೇಲೆ ಕಾಲಿಡುವುದೇ ತಪ್ಪು. ನನಗೆ ಎರಡೂ ಸರಿ ಕಾಣಲಿಲ್ಲ.

ಎರಡನೆಯದನ್ನೇ ಮೊದಲು ನೋಡೋಣ. 6,638 ಮೀಟರ್ ಎತ್ತರದ ಕೈಲಾಸವನ್ನು ಯಾರೂ ಹತ್ತುವುದಿಲ್ಲ, ಭಕ್ತರು ಸುಮಾರು 52 ಕಿಲೋಮೀಟರ್ ಪ್ರದಕ್ಷಿಣೆ ಬರುತ್ತಾರೆ. ಆದರೆ ಅದೇ ಹಿಮಾಲಯದಲ್ಲಿ ಕೇದಾರನಾಥಕ್ಕೆ ಹತ್ತಿಯೇ ಹೋಗುತ್ತೇವೆ. ನೀಲಿಮಲೆಯನ್ನೂ ಕೈಮುಗಿದು ತುಳಿದೇ ಹೋಗುತ್ತೇವೆ. ಪವಿತ್ರ ಅಂದ ಮಾತ್ರಕ್ಕೆ ಎಲ್ಲ ಕಡೆಯೂ ಹತ್ತಬಾರದು ಅಂತ ಅರ್ಥವಲ್ಲ.

ಹತ್ತುವವರೆಲ್ಲ ಅಹಂಕಾರಿಗಳು ಅನ್ನುವುದೂ ತಪ್ಪು. ನಮ್ಮ ತೆಲಂಗಾಣದ ಮಾಲಾವತ್ ಪೂರ್ಣಾ ಅವರನ್ನೇ ನೋಡಿ. ನಿಜಾಮಾಬಾದ್ ಜಿಲ್ಲೆಯ ಪಾಕಾಲದವರು, ಕೂಲಿ ಕೆಲಸದವರ ಮಗಳು, ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ ಓದಿದವರು. 2014ರ ಮೇ 25ರಂದು ಎವರೆಸ್ಟ್ ಮೇಲೆ ನಿಂತಾಗ ವಯಸ್ಸು 13 ವರ್ಷ 11 ತಿಂಗಳು. ಆ ಹುಡುಗಿ ಒಂದೇ ಸಲ ಎವರೆಸ್ಟ್‌ಗೆ ಹೋಗಲಿಲ್ಲ. ಹೈದರಾಬಾದ್‌ನಿಂದ ವರಂಗಲ್ ಕಡೆ ಹೋಗುವಾಗ ಕಾಣುವ ಭುವನಗಿರಿಯ ಬಂಡೆಯಲ್ಲಿ ಹತ್ತಲು ಕಲಿತರು. ಆಮೇಲೆ ಡಾರ್ಜಿಲಿಂಗ್, ಆಮೇಲೆ ಲಡಾಖ್‌ನ ಚಳಿ. ನಾನು ಆ ಬಂಡೆಯ ಕೆಳಗೆ ಎಷ್ಟೋ ಭಾನುವಾರ ಟೀ ಕುಡಿದಿದ್ದೇನೆ. ಹಗ್ಗ ಮಾತ್ರ ಒಮ್ಮೆಯೂ ಮುಟ್ಟಿಲ್ಲ.

ಇಲ್ಲಿಗೆ ಬಂದಾಗ ನನಗೆ ಅಪ್ಪ ನೆನಪಾದರು.

ನಮ್ಮಪ್ಪ ಹದಿನಾಲ್ಕು ಸಲ ಶಬರಿಮಲೆ ಯಾತ್ರೆ ಮಾಡಿದವರು. ಎರಡು ವರ್ಷದ ಹಿಂದೆ ಮಾಲೆ ಹಾಕಬೇಕೆನ್ನುವ ಹೊತ್ತಿಗೆ ಅವರಿಗೆ ಟೈಫಾಯಿಡ್ ಆಗಿ ಆಸ್ಪತ್ರೆ ಸೇರಿದರು. ಆ ವರ್ಷ ವ್ರತ ಆಗಲಿಲ್ಲ. ಜನವರಿಗೆ ಸುಧಾರಿಸಿಕೊಂಡರು, ನಮ್ಮ ಜೊತೆ ಬಸ್ಸಿನಲ್ಲಿ ಬಂದರು, ಪಂಪೆಯಿಂದ ನಿಧಾನವಾಗಿ ನಡೆದೂ ಬಂದರು. ಆದರೆ ತಲೆಯ ಮೇಲೆ ಇರುಮುಡಿ ಇರಲಿಲ್ಲ. ನಿಮಗೆಲ್ಲ ಗೊತ್ತೇ ಇದೆ, ಇರುಮುಡಿ ಇಲ್ಲದವರಿಗೆ ಹದಿನೆಂಟು ಮೆಟ್ಟಿಲಿಲ್ಲ. ಅವರು ಉತ್ತರದ ಬಾಗಿಲಿನಿಂದ ದರ್ಶನಕ್ಕೆ ಹೋಗಬೇಕು. ನಾನು ಮೆಟ್ಟಿಲು ಹತ್ತಿದೆ. ಅಪ್ಪ ಆ ಕಡೆಯಿಂದ ಬಂದರು.

ದರ್ಶನ ಆದಮೇಲೆ ಕೇಳಿದೆ, "ಅಪ್ಪ, ಬೇಜಾರಾಯ್ತಾ?"

"ಯಾಕಪ್ಪ? ಅದೇ ಸ್ವಾಮಿ, ಅದೇ ದೀಪ. ಬಾಗಿಲ ಬ್ಯಾರೆ ಅಷ್ಟ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದರು, "ವ್ರತ ಮಾಡದ ಸುಳ್ಳು ಇರುಮುಡಿ ಹೊತ್ತು ಮೆಟ್ಲ ಹತ್ತಿದ್ರ, ಆಗ ಬೇಜಾರಾಗ್ತಿತ್ತು."

ಸ್ವಾಮಿಗಳೇ, ನನ್ನ ಪ್ರಶ್ನೆಗೆ ಉತ್ತರ ಇದರಲ್ಲಿದೆ. ಮೆಟ್ಟಿಲು ವ್ರತ ಮಾಡಿದವನಿಗೆ. ದರ್ಶನ ಎಲ್ಲರಿಗೂ. ಮೆಟ್ಟಿಲು ಸಿಗದವನನ್ನು ಸ್ವಾಮಿ ವಾಪಸ್ ಕಳಿಸುವುದಿಲ್ಲ, ಅರ್ಧ ದರ್ಶನ ಕೊಟ್ಟು ಕಳಿಸುವುದೂ ಇಲ್ಲ. ಮಕರಜ್ಯೋತಿಯನ್ನು ನಾವು ಎಲ್ಲರೂ ದೂರದಿಂದಲೇ ನೋಡುತ್ತೇವೆ. ಹತ್ತಿರ ಹೋಗಲಿಲ್ಲವಲ್ಲ ಅಂತ ಅಳುವುದಿಲ್ಲ, ಶರಣು ಕೂಗುತ್ತೇವೆ. ಹತ್ತುವುದು ಮತ್ತು ದೂರದಿಂದ ನೋಡುವುದು, ಎರಡೂ ಒಂದೇ ಯಾತ್ರೆಯಲ್ಲಿವೆ.

ಆದರೆ ಒಂದು ವ್ಯತ್ಯಾಸ ಇದೆ. ಸನ್ನಿಧಾನದಲ್ಲಿ ಮೆಟ್ಟಿಲ ಹತ್ತಿರ ಪೊಲೀಸರು ನಿಂತಿರುತ್ತಾರೆ, ತಲೆಯ ಮೇಲೆ ಇರುಮುಡಿ ಇದೆಯಾ ನೋಡುತ್ತಾರೆ. ಹಿಮದ ಬೆಟ್ಟದಲ್ಲಿ ನಿನ್ನ ವ್ರತ ಆಗಿದೆಯಾ ಅಂತ ಕೇಳುವವರು ಕಡಿಮೆ. ದುಡ್ಡು ಕಟ್ಟಿದರೆ ಬೂಟು, ಕೊಡಲಿ, ಹಗ್ಗ ಎಲ್ಲ ಬಾಡಿಗೆಗೆ ಸಿಗುತ್ತದೆ. ಅಲ್ಲಿ ನಮ್ಮನ್ನು ನಾವೇ ತಡೆದು ಕೇಳಿಕೊಳ್ಳಬೇಕು.

ಕೇಳಿಕೊಂಡೆ. ಹಿಮದ ಮೇಲೆ ಒಂದು ದಿನವಾದರೂ ನಡೆದಿದ್ದೇನಾ? ಇಲ್ಲ. ಜಾರಿದರೆ ಕೊಡಲಿ ಊರಿ ನಿಲ್ಲುವುದು ಗೊತ್ತಾ? ಇಲ್ಲ. ಯಾಕೆ ಹೋಗಬೇಕು ಅನ್ನಿಸುತ್ತಿದೆ? ಸತ್ಯ ಹೇಳುತ್ತೇನೆ, ತುದಿಯಲ್ಲಿ ನಿಂತ ಫೋಟೋವನ್ನು ಸ್ಟೇಟಸ್‌ಗೆ ಹಾಕುವುದು ಆಗಲೇ ಕಣ್ಣ ಮುಂದೆ ಬಂದಿತ್ತು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: ನಾನು ಜಾರಿದರೆ ಬೀಳುವುದು ನಾನೊಬ್ಬನೇನಾ? ಅಲ್ಲ. ಅದೇ ಹಗ್ಗದಲ್ಲಿ ಗೈಡ್ ಇರುತ್ತಾನೆ, ಅವನಿಗೂ ಮನೆ ಇದೆ. ನನ್ನ ಧೈರ್ಯದ ಲೆಕ್ಕಕ್ಕೆ ಅವನ ಪ್ರಾಣ ಸೇರಿಸುವ ಹಕ್ಕು ನನಗಿಲ್ಲ. ನಮ್ಮ ಕೆಲಸದಲ್ಲೂ ಇದೇ ನಿಯಮ. ಟ್ರೈನಿಂಗ್ ಆಗದವನಿಗೆ ಲೈವ್ ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಕೊಡುವುದಿಲ್ಲ. ಅದು ಅವನಿಗೆ ಅವಮಾನ ಅಲ್ಲ, ಆ ಸರ್ವರ್ ನಂಬಿಕೊಂಡವರ ರಕ್ಷಣೆ.

ಭಯಕ್ಕೆ ಭಕ್ತಿಯ ಹೆಸರಿಡುವುದು ತಪ್ಪು, ಗೆಳೆಯ ಹೇಳಿದ್ದು ಸರಿ. ಆದರೆ ಆತುರಕ್ಕೆ ಧೈರ್ಯದ ಹೆಸರಿಡುವುದೂ ಅಷ್ಟೇ ತಪ್ಪು. ವ್ರತ ಎರಡಕ್ಕೂ ಮದ್ದು. ತಯಾರಿ ಮಾಡುತ್ತಾ ಹೋದರೆ ಭಯ ಕಡಿಮೆಯಾಗುತ್ತದೆ, ಆತುರವೂ ಇಳಿಯುತ್ತದೆ. 41 ದಿನ ನಮಗೆ ಕಲಿಸುವುದು ಅದನ್ನೇ ಅಲ್ಲವಾ?

ಪೂರ್ತಿ ತಯಾರಿ ಇದ್ದವರು ಹಕ್ಕಿದ್ದೂ ನಿಂತ ಕಥೆಯೂ ಇದೆ. ಕಾಂಚನಜುಂಗಾ, 8,586 ಮೀಟರ್, ಸಿಕ್ಕಿಂ ಜನರಿಗೆ ದೇವರ ಬೆಟ್ಟ. 1955ರ ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಅದರ ತುದಿ ತಲುಪಿದರು. ತುತ್ತತುದಿ ತುಳಿಯುವುದಿಲ್ಲ ಅಂತ ಸಿಕ್ಕಿಂ ಅರಸರಿಗೆ ಮಾತು ಕೊಟ್ಟಿದ್ದರಿಂದ ಕೆಲವೇ ಹೆಜ್ಜೆ ಕೆಳಗೆ ನಿಂತುಬಿಟ್ಟರು. ಆಮೇಲೆ ಹತ್ತಿದ ಎಷ್ಟೋ ಜನ ಅದೇ ಪದ್ಧತಿ ಪಾಲಿಸಿದ್ದಾರೆ. ಅವರ ಏರಿಕೆ ಕಡಿಮೆಯಾಯಿತು ಅಂತ ಯಾರೂ ಹೇಳುವುದಿಲ್ಲ.

ಶುಕ್ರವಾರ ಗೆಳೆಯನಿಗೆ ಹೇಳಿದೆ: "ಜೂನ್‌ನಲ್ಲಿ ಬರ್ತೀನಿ, ಬಿಯಾಸ್ ಕುಂಡದವರೆಗೆ. ನೀವು ಮೇಲಿಂದ ಇಳಿಯೋವರೆಗೆ ಕೆಳಗೆ ಕಾಯ್ತೀನಿ. ರಜೆ ಕೂಡಿಸಿಕೊಂಡು ಮುಂದೆ ಬೇಸಿಕ್ ಕೋರ್ಸ್ ಮಾಡ್ತೀನಿ, ಸುಮಾರು ನಾಲ್ಕು ವಾರ ಆಗುತ್ತೆ. ಆಮೇಲೂ ಹತ್ತಬೇಕು ಅನ್ನಿಸಿದರೆ ಹತ್ತೋಣ."

ಅವನು ಈ ಸಲ ನಗಲಿಲ್ಲ. ಸ್ವಲ್ಪ ಹೊತ್ತು ಮೊಬೈಲ್ ನೋಡುತ್ತಾ ಕೂತಿದ್ದು, "ಆ ಕೋರ್ಸ್ ಎಲ್ಲಿ ಮಾಡ್ತಾರೆ? ಲಿಂಕ್ ಕಳಿಸು" ಅಂದ.

ಅಪ್ಪನಿಗೂ ಫೋನ್‌ನಲ್ಲಿ ಹೇಳಿದೆ. "ಸರೋವರದ ನೀರ ಒಂದ ಬಾಟಲ್ ತುಂಬ್ಕೊಂಡ ಬಾ" ಅಂದರು. ಅವರಿಗೆ ಅಷ್ಟೇ ಬೇಕಿತ್ತು.

ಸ್ವಾಮಿ ಶರಣಂ.