‘ಸ್ವಲ್ಪ ತಾಳ್ರಿ’ ಅನ್ನುವವರ ಋಣ

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಸಾಲಕ್ಕೆ, ಜಗಳಕ್ಕೆ, ಅತ್ತೆಮನೆಯ ಕಷ್ಟಕ್ಕೆ, ಬಾರದ ಮಳೆಗೆ, ಎಲ್ಲಕ್ಕೂ ನಮ್ಮ ಹಿರಿಯರ ಹತ್ತಿರ ಇದೊಂದೇ ಗುಳಿಗೆ. ಗಾದೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಕಾಯುತ್ತಿರುವಾಗ ಏನೂ ಕೆಡುವುದಿಲ್ಲ, ಕಷ್ಟ ತಾನಾಗಿಯೇ ದಾಟಿಹೋಗುತ್ತದೆ ಎಂಬುದನ್ನು ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಕಾಯುವುದರಿಂದಲೇ ಕೆಡುವಂಥ ಸಂಗತಿಗಳೂ ಇವೆಯಲ್ಲ? ಅಲ್ಲಿ ಈ ಗಾದೆಯನ್ನು ಯಾರು ಯಾರಿಗೆ ಹೇಳಬಹುದು? ಹದಿನಾಲ್ಕು ವರ್ಷಗಳಿಂದ ಡೊಂಬಿವಲಿಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಜೊತೆ ಸಂಸಾರ ಮಾಡುತ್ತಿರುವ ನನಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ.

ಕಾಯಿಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇದು ವಯಸ್ಸಾದ ಮೇಲೆ ಕೀಲು ಸವೆದು ಬರುವ ಮಂಡಿನೋವಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ದಾರಿ ತಪ್ಪಿ, ಕೀಲುಗಳ ಒಳಪದರದ ಮೇಲೆಯೇ ತಿರುಗಿಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಬಿಗಿತ ಸಡಿಲವಾಗಲು ಗಂಟೆಗಟ್ಟಲೆ ಬೇಕು. ಕೆಲವು ತಿಂಗಳು ತಣ್ಣಗಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಉಲ್ಬಣಿಸುತ್ತದೆ. ಡಾಕ್ಟರು ಅದಕ್ಕೆ ‘ಫ್ಲೇರ್’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ‘ಮತ್ತ ಎದ್ದೈತಿ’ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಊತ ಇಳಿಯದೆ ಹಾಗೇ ಉಳಿದರೆ ಕೀಲಿನ ಎಲುಬನ್ನು ತಿನ್ನತೊಡಗುತ್ತದೆ. ತಿಂದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಅದಕ್ಕೇ ಈ ರೋಗದಲ್ಲಿ ಯಾವ ಔಷಧಿ ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ.

ಖಾಯಂ ಔಷಧಿಗಳು ನಿಧಾನದವು. ನಾನು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ತನ್ನ ಗುಣ ತೋರಿಸಲು ಆರರಿಂದ ಹನ್ನೆರಡು ವಾರ ತೆಗೆದುಕೊಳ್ಳುತ್ತದೆ. ಅದರ ಹಿಂದೆ ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, 1948ರಲ್ಲಿ ಅಲ್ಲಿಯೇ ತೀರಿಕೊಂಡ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ದುಡಿಮೆ ಇದೆ. ಊರು ಬಿಟ್ಟವರೊಬ್ಬರ ಶ್ರಮ ಊರು ಬಿಟ್ಟ ನನ್ನ ಅಂಗೈಗೆ ಬಂದು ಬೀಳುತ್ತದಲ್ಲ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ರೋಗ ಎದ್ದು ಕೂತ ದಿನ ಹನ್ನೆರಡು ವಾರ ಯಾರು ಕಾಯಬೇಕು? ಆಗ ಬೇಕಾಗುವುದು ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್. ಅದೇ 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಜೊತೆಗಾರರು ಈ ರೋಗದಿಂದ ನಡೆಯಲಾರದೆ ಹೋಗಿದ್ದ ಯುವತಿಯೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು.

ಪವಾಡಕ್ಕೂ ಬೆಲೆ ಇದೆ ಎಂದು ಬೇಗನೆ ಗೊತ್ತಾಯಿತು. ಬಹಳ ದಿನ ತೆಗೆದುಕೊಂಡರೆ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಸೋಂಕು ಬೇಗ ತಗಲುತ್ತದೆ, ಥಟ್ಟನೆ ನಿಲ್ಲಿಸಿದರೆ ಅದೇ ಇನ್ನೊಂದು ಅಪಾಯ. ಡಾಕ್ಟರ ಚೀಟಿಯಿಲ್ಲದೆ ಕೊಡಬಾರದು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ‘ಮೊದಲು ನೋಡ್ತೀನಿ, ರಕ್ತ ತಪಾಸಣೆ ಮಾಡಿಸಿ, ಆಮೇಲೆ ಬರೀತೀನಿ’ ಅನ್ನುವ ಡಾಕ್ಟರನ್ನು ನಾನು ಕಲ್ಲುಮನಸ್ಸಿನವರು ಅನ್ನಲಾರೆ. ತೊಡಕು ಇರುವುದೇ ಇಲ್ಲಿ. ತಡೆಯುವವರದೂ ಸರಿ, ಬೇಕೆನ್ನುವವರದೂ ಸರಿ. ನಡುವೆ ಹೋಗುವುದು ದಿನಗಳು, ಮತ್ತು ಅವು ಹೋಗುವುದು ಒಬ್ಬರ ಮೈಯಿಂದ ಮಾತ್ರ.

ಊರಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳಲು ಹೊರಗಿರುವ ನಮಗೆಲ್ಲ ಆಸೆ. ಧಾರವಾಡದಲ್ಲಿ ನನ್ನ ದೊಡ್ಡವ್ವನಿಗೂ ಇದೇ ರೋಗ ಇದ್ದಿರಬೇಕು. ಆಗ ‘ವಾಯು’ ಅಂದಿದ್ದರು. ಆಕೆಯ ನೋವನ್ನು ಯಾರೂ ಅನುಮಾನಿಸಲಿಲ್ಲ. ಸೊಸೆ ತಲೆ ಬಾಚುತ್ತಿದ್ದಳು, ಪಕ್ಕದ ಮನೆಯವರು ನೀರು ತುಂಬಿಕೊಡುತ್ತಿದ್ದರು. ಆ ಪ್ರೀತಿಯ ನಡುವೆಯೇ ಆಕೆಯ ಬೆರಳುಗಳು ಒಂದೊಂದಾಗಿ ಸೊಟ್ಟಗಾದವು. ಊರಿನಲ್ಲಿ ನಂಬಿಕೆ ಇತ್ತು, ಔಷಧಿ ಇರಲಿಲ್ಲ. ಇಲ್ಲಿ ಔಷಧಿ ಇದೆ. ನಂಬಿಕೆಯನ್ನು ಮಾತ್ರ ಪ್ರತಿಸಲ ಹೊಸದಾಗಿ ಗಳಿಸಬೇಕು. ತಜ್ಞರ ತಾರೀಖು ಐದು ವಾರ ಆಚೆ. ಫೋನೆತ್ತಿದ ಹುಡುಗಿ ‘ಥೋಡಂ ಥಾಂಬಾ’ ಅನ್ನುತ್ತಾಳೆ. ಪಾಪ, ಅವಳ ಮುಂದೆ ನನ್ನಂಥವರ ಸಾಲೇ ಇದೆ. ಕನ್ನಡದಲ್ಲಾದರೆ ನನ್ನ ಹತ್ತಿರ ಕಡಿಯೋದು, ಸೆಳೆಯೋದು, ಹರಿಯೋದು, ಜೋಮು, ಮರಗಟ್ಟೋದು ಎಂದು ಬೇರೆ ಬೇರೆ ಮಾತುಗಳಿವೆ. ನನಗೆ ಬರುವ ಮರಾಠಿಯಲ್ಲಿ ಎಲ್ಲಕ್ಕೂ ಒಂದೇ, ‘ದುಖತಂಯ್’. ಆ ಒಂದು ಶಬ್ದದಿಂದ ಇವತ್ತಿನ ನೋವು ನಿನ್ನೆಯ ನೋವಲ್ಲ ಎಂದು ಹೇಗೆ ಒಪ್ಪಿಸುವುದು?

ಹಾಗಾದರೆ ಕಾಯಿಸುವುದೆಲ್ಲ ಅನ್ಯಾಯವೇ? ಅಲ್ಲ. ಎದೆನೋವಿನವರು ಬಂದರೆ ನನ್ನ ಸರದಿ ಬಿಟ್ಟುಕೊಡುತ್ತೇನೆ, ಬೇಸರವಿಲ್ಲದೆ. ಆದರೆ 2020ರ ಮಾರ್ಚ್ ನೆನಪಾಗುತ್ತದೆ. ಕೊರೋನಾ ತಡೆಯಲು ಆರೋಗ್ಯ ಸಿಬ್ಬಂದಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡಬಹುದು ಎಂದು ಐಸಿಎಂಆರ್ ಸಲಹೆ ಮಾಡಿದ್ದೇ ತಡ, ಬೇಕಾದವರೂ ಬೇಡವಾದವರೂ ಅಂಗಡಿಗೆ ಮುಗಿಬಿದ್ದರು. ಸರ್ಕಾರ ಮಾರಾಟಕ್ಕೆ ಬಿಗಿ ನಿಯಮ ತಂದಿತು. ವರ್ಷಗಳಿಂದ ಅದನ್ನೇ ನುಂಗುತ್ತಿದ್ದ ನಮ್ಮಂಥವರು, ಲೂಪಸ್ ಇದ್ದವರು, ಅಂಗಡಿಯಿಂದ ಅಂಗಡಿಗೆ ಅಲೆದೆವು. ಆ ಔಷಧಿಯಿಂದ ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳಿಗೆ ಪ್ರಯೋಜನವಿಲ್ಲ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ ಅದೇ ಜೂನ್‌ನಲ್ಲಿ ಹೇಳಿತು. ಹೆದರಿದ ಜನರ ಮೇಲೆ ನನಗೆ ಸಿಟ್ಟಿಲ್ಲ. ನಾವು ಕಾದದ್ದಕ್ಕೆ ಎಲ್ಲೂ ಲೆಕ್ಕ ಇಲ್ಲವಲ್ಲ ಎಂಬುದು ಮಾತ್ರ ಕೊರೆಯುತ್ತದೆ.

‘ಸ್ವಲ್ಪ ತಾಳ್ರಿ’ ಅನ್ನುವುದು ಇನ್ನೊಬ್ಬರ ಮೈಯಿಂದ ಸಾಲ ತೆಗೆದಂತೆ ಎಂದು ನನಗೆ ಅನ್ನಿಸತೊಡಗಿದ್ದು ಆಗಿನಿಂದ. ಸಾಲ ತೆಗೆಯುವುದು ತಪ್ಪಲ್ಲ, ಎಷ್ಟೋ ಸಲ ಬೇರೆ ದಾರಿಯೇ ಇರುವುದಿಲ್ಲ. ಆದರೆ ಸಾಲಗಾರನಿಗೆ ತಾನು ಎಷ್ಟು ತೆಗೆದಿದ್ದೇನೆಂದು ಗೊತ್ತಿರಬೇಕು, ತೀರಿಸುವ ಮನಸ್ಸೂ ಇರಬೇಕು. ನನ್ನ ಈಗಿನ ಡಾಕ್ಟರು ಅದನ್ನು ಬಲು ಸರಳವಾಗಿ ತೀರಿಸಿದರು. ರೋಗ ಎದ್ದರೆ ಯಾವ ಮಾತ್ರೆ, ಎಷ್ಟು ದಿನ, ಹೇಗೆ ಇಳಿಸಬೇಕು, ಜ್ವರವಿದ್ದರೆ ಏನು ಮುಟ್ಟಬಾರದು, ಯಾವಾಗ ಓಡಿಬರಬೇಕು ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರು. ನಿಯಮವೂ ಉಳಿಯಿತು, ನನ್ನ ಬೆರಳೂ ಉಳಿದವು. ದೂರದ ಊರಿನಲ್ಲಿ ನಂಬಿಕೆ ಅಂದರೆ ಇದೇ ಇರಬೇಕು, ಮೊದಲೇ ಬರೆದಿಟ್ಟ ಒಂದು ಕಾಗದ.

ಇಲ್ಲಿಗೆ ಮುಗಿಸಿದ್ದರೆ ನನಗೂ ಸಮಾಧಾನ. ಆದರೆ ನಮ್ಮ ಮನೆಗೆ ಭಾಂಡೆ ತಿಕ್ಕಲು ಬರುವಾಕೆ, ಇಂಡಿ ತಾಲೂಕಿನ ಕಡೆಯವಳು, ಒಂದು ಮುಂಜಾನೆ ಊದಿದ ಗೆಣ್ಣುಗಳನ್ನು ನನ್ನ ಮುಂದೆ ಹಿಡಿದಳು. ‘ಅಕ್ಕಾರ, ನೀವು ತಗೋತೀರಲ್ಲ, ಅದರಾಗ ಎರಡು ಗುಳಿಗಿ ಕೊಡ್ರಿ. ನಾಳೆ ನಾಕು ಮನಿ ಕೆಲಸ ಐತಿ.’ ಡ್ರಾಯರಿನಲ್ಲಿ ಮಾತ್ರೆ ಇದ್ದವು. ನಾನು ಕೊಡಲಿಲ್ಲ. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ, ಬಸುರಿಯಾದರೆ ಮಗುವಿಗೆ ಅಪಾಯ. ಸ್ಟೀರಾಯ್ಡ್ ಕೊಟ್ಟಿದ್ದರೆ ಎರಡು ದಿನದಲ್ಲಿ ಊತ ಇಳಿದು, ರೋಗ ಏನೆಂಬುದೇ ಮುಚ್ಚಿಹೋಗುತ್ತಿತ್ತು, ಆಕೆ ಅಂಗಡಿಯಿಂದ ಅದನ್ನೇ ತರಿಸಿಕೊಳ್ಳುತ್ತಿದ್ದಳು. ‘ಸ್ವಲ್ಪ ತಾಳವಾ, ದವಾಖಾನಿಗೆ ಹೋಗೂಣು’ ಅಂದೆ. ಎಷ್ಟೋ ಜನ ನನಗೆ ಹೇಳಿದ ಮಾತು ನನ್ನ ಬಾಯಿಂದ ಬಂತು, ಮತ್ತು ಅದು ಸರಿಯಾದ ಮಾತೇ ಆಗಿತ್ತು.

ಸರಿಯಾದದ್ದನ್ನು ಹೇಳಿದವಳು ನಾನು, ಅದರ ಬೆಲೆ ಕೊಡಬೇಕಾದವಳು ಆಕೆ. ಒಂದು ದಿನ ದವಾಖಾನೆಗೆ ಹೋದರೆ ನಾಲ್ಕು ಮನೆಯ ಕೆಲಸ ತಪ್ಪುತ್ತದೆ, ಎರಡು ದಿನ ತಪ್ಪಿದರೆ ಮನೆಯೇ ಕೈತಪ್ಪುತ್ತದೆ. ಆದ್ದರಿಂದ ಆಕೆಯ ಜೊತೆ ನಾನೂ ಸಾಲಿನಲ್ಲಿ ನಿಂತೆ, ಆಕೆಯ ನೋವನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ, ತಪ್ಪಿದ ದಿನಗಳ ದುಡ್ಡು ಕೊಟ್ಟೆ, ಉಳಿದ ಮೂರು ಮನೆಗಳಿಗೆ ಫೋನು ಮಾಡಿದೆ. ಇದನ್ನು ದಾನ ಅಂದರೆ ನನಗೆ ಸರಿಬೀಳುವುದಿಲ್ಲ. ‘ತಾಳು’ ಅಂದವಳು ನಾನಲ್ಲವೇ? ರಕ್ತ ತಪಾಸಣೆ, ಮತ್ತೊಂದು ತಾರೀಖು, ಮತ್ತೊಬ್ಬ ಡಾಕ್ಟರು ಎಂದು ಔಷಧಿ ಶುರುವಾಗಲು ಏಳು ವಾರ ಹಿಡಿಯಿತು.

ಈಗ ಆಕೆ ಕೆಲಸಕ್ಕೆ ಬರುತ್ತಾಳೆ, ಬೆಳಗಿನ ಬಿಗಿತ ಕಡಿಮೆಯಾಗಿದೆ. ಬಲಗೈಯ ಒಂದು ಬೆರಳು ಮಾತ್ರ ಪೂರ್ತಿ ಚಾಚುವುದಿಲ್ಲ. ಅದು ಆ ಏಳು ವಾರಗಳಲ್ಲಿ ಆದದ್ದೋ, ಅದಕ್ಕೂ ಮೊದಲೇ ಆದದ್ದೋ ಯಾರೂ ಹೇಳಲಾರರು. ಒಂದು ದಿನ ಪಾತ್ರೆ ಒರೆಸುತ್ತ, ‘ಆವತ್ತ ನೀವು ಕೊಟ್ಟಿದ್ದರ ಏನಾಗತಿತ್ತ್ರಿ ಅಕ್ಕಾರ?’ ಎಂದು ಕೇಳಿದಳು. ಸಿಟ್ಟಿನಿಂದಲ್ಲ, ಸುಮ್ಮನೆ. ಏನಾಗುತ್ತಿತ್ತು ಎಂದು ಕೂಡಿಸಿಕೊಂಡು ತಿಳಿಸಿ ಹೇಳಿದೆ. ಆಕೆ ತಲೆಯಾಡಿಸಿದಳು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ ಆಕೆ ಆ ಬೆರಳನ್ನು ಬಿಟ್ಟು ಉಳಿದ ನಾಲ್ಕರಿಂದ ತಟ್ಟೆ ಎತ್ತಿಡುವುದನ್ನು ನೋಡುವಾಗ, ನನ್ನ ಕಡೆಯ ಸಾಲ ಪೂರ್ತಿ ತೀರಿದೆ ಎಂದು ನನಗೆ ಅನ್ನಿಸುವುದಿಲ್ಲ.